ಫ್ಲಾಶಿನ ಬೆಳಕು ಮತ್ತು ಹಿಂದಿನ ಸಾಲು

(ಸಂಘದ ಆದಿತ್ಯವಾರದ ಉಪನ್ಯಾಸಮಾಲೆಯಲ್ಲಿ, ಛಾಯಾಚಿತ್ರ ವರ್ಗದವರ ಪರವಾಗಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಯ ಗಿರಾಕಿಗಳು ಬರುವುದರೊಳಗೆ ಸಿಗುವ ಎರಡು ಗಂಟೆಯ ಬಿಡುವನ್ನು ನಿದ್ದೆಗೆ ಕೊಡದೆ ಈ ಸಭೆಗೆ ಕೊಟ್ಟಿದ್ದೀರಿ. ಆ ಎರಡು ಗಂಟೆಯ ಬೆಲೆ ಏನೆಂಬುದು ನಮಗೂ ಗೊತ್ತು. ಆದುದರಿಂದ ನಿಮ್ಮ ಕೈಗೆ ಉಪಯೋಗವಾಗದ ಮಾತನ್ನು ಆಡಬಾರದೆಂದು ನಿಶ್ಚಯಿಸಿಕೊಂಡು ಬಂದಿದ್ದೇವೆ.

ಇಂದಿನ ವಿಷಯ ಛಾಯಾಚಿತ್ರದಲ್ಲಿ ಫ್ಲಾಶಿನ ಬೆಳಕಿಗೂ ಕ್ಯಾಮರಾದ ಶಟರಿಗೂ ಇರಬೇಕಾದ ಹೊಂದಾಣಿಕೆ. ಇದೇನು, ಶ್ರೀಮಂತರ ಹವ್ಯಾಸದ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮದೇ ಒಂದು ತಪ್ಪಿನ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

ಮುಂಬಯಿಯ ಗಿರಣಿ ಕಾರ್ಮಿಕರ ಮಹಾ ಮುಷ್ಕರ 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಆಮೇಲೆ ಏನಾಯಿತೆಂಬುದನ್ನು ಇಲ್ಲಿ ಕುಳಿತ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. ಆ ದಶಕದ ಕೊನೆಗೆ ಪರೇಲ್, ಲಾಲ್‌ಬಾಗ್ ಕಡೆಯ ನಮ್ಮವರು ಅನೇಕರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಅವರಲ್ಲಿ ಒಂದು ತಂಡಕ್ಕೆ ನಾವು ಒಂದು ರಾತ್ರಿ ಬೀಳ್ಕೊಡುಗೆ ಮಾಡಿದೆವು. ಚಾಳಿನ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಎರವಲು ತಂದ ಕ್ಯಾಮರಾಕ್ಕೆ ಫ್ಲಾಶ್ ಸಿಕ್ಕಿಸಿ, ಒಂದೇ ಒಂದು ಚಿತ್ರ ತೆಗೆದೆವು. ಫಿಲ್ಮು ತುಟ್ಟಿ, ಎರಡನೆಯದು ತೆಗೆಯುವ ಧೈರ್ಯ ನಮಗಾಗಲಿಲ್ಲ.

ನಾಲ್ಕು ದಿನದ ಮೇಲೆ ಚಿತ್ರ ಕೈಗೆ ಬಂತು. ಬಲಗಡೆಯ ಅರ್ಧ ಬೆಳ್ಳಗೆ, ಚೆನ್ನಾಗಿದೆ. ಎಡಗಡೆಯ ಅರ್ಧ ಕಾಡಿಗೆ ಬಳಿದಂತೆ ಕಪ್ಪು. ಆ ಕಪ್ಪಿನೊಳಗೆ ನಿಂತಿದ್ದವರು ಅಷ್ಟರಲ್ಲಿ ಊರು ಸೇರಿಬಿಟ್ಟಿದ್ದರು. ಅವರನ್ನು ಮತ್ತೊಮ್ಮೆ ಒಟ್ಟು ನಿಲ್ಲಿಸುವುದು ಯಾರಿಂದಲೂ ಆಗಲಿಲ್ಲ. ಕೆಲವು ವರ್ಷಗಳ ನಂತರ ಅವರಲ್ಲೊಬ್ಬರು ತೀರಿಕೊಂಡರು. ಅವರ ಮಗ ನಮ್ಮ ಬಳಿಗೆ ಬಂದು, “ಅಪ್ಪ ಮುಂಬಯಿಯಲ್ಲಿದ್ದಾಗಿನ ಒಂದು ಫೋಟೋ ನಿಮ್ಮಲ್ಲಿ ಉಂಟಂತೆ” ಎಂದು ಕೇಳಿದ. ನಾವು ಅದನ್ನು ತೆಗೆದು ತೋರಿಸಿದೆವು. “ಇಲ್ಲಿ, ಈ ಕಪ್ಪಿನಲ್ಲಿ, ಎರಡನೆಯವರಾಗಿ ನಿಂತಿದ್ದರು” ಎಂದು ಬೆರಳಿಟ್ಟು ಹೇಳಬೇಕಾಯಿತು. ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇಲ್ಲ.

ಕ್ಯಾಮರಾದ ತಪ್ಪಲ್ಲ, ಫ್ಲಾಶಿನ ತಪ್ಪೂ ಅಲ್ಲ. ಒಂದು ಚಕ್ರವನ್ನು ಒಂದು ಮನೆ ಹೆಚ್ಚಿಗೆ ತಿರುಗಿಸಿದ ನಮ್ಮ ಅಜ್ಞಾನದ ಫಲ ಅದು. ಆ ಅಜ್ಞಾನ ನಿಮಗೆ ಬಾರದಿರಲಿ ಎಂಬುದೇ ಈ ಭಾಷಣದ ಉದ್ದೇಶ.

ಮೊದಲು ಶಟರ್ ಎಂದರೇನು ಎಂಬುದನ್ನು ನೋಡೋಣ. ಹೋಟೆಲಿನ ಮುಂದಿನ ಕಬ್ಬಿಣದ ಶಟರನ್ನು ಮುಂಜಾನೆ ಎತ್ತುವವರೂ ರಾತ್ರಿ ಎಳೆಯುವವರೂ ನಾವೇ. ಕ್ಯಾಮರಾದ ಶಟರೂ ಅದೇ ಕೆಲಸ ಮಾಡುತ್ತದೆ. ಬೆಳಕೆಂಬ ಗಿರಾಕಿಯನ್ನು ಗೊತ್ತಾದಷ್ಟು ಹೊತ್ತು ಒಳಗೆ ಬಿಟ್ಟು ಬಾಗಿಲು ಹಾಕುತ್ತದೆ. ಆ ಹೊತ್ತು ಮಾತ್ರ ಬಹಳ ಸಣ್ಣದು: ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು, ಅರವತ್ತರಲ್ಲಿ ಒಂದು ಪಾಲು, ಹೀಗೆ. ಎಲೆಕ್ಟ್ರಾನಿಕ್ ಫ್ಲಾಶಿನ ಮಿಂಚಾದರೋ ಅದಕ್ಕಿಂತಲೂ ಸಣ್ಣದು. ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಪಾಲು ಅಥವಾ ಇನ್ನೂ ಕಡಿಮೆ. ಬಾಗಿಲು ಪೂರಾ ತೆರೆದಿರುವಾಗಲೇ ಮಿಂಚು ಹೊಡೆಯಬೇಕು. ಇಷ್ಟೇ ವಿಷಯ.

ಗಿರಣಿಯಲ್ಲಿ ಮಗ್ಗ ನಡೆಸಿದವರಿಗೆ ಇದನ್ನು ವಿವರಿಸುವ ಅವಶ್ಯಕತೆಯೇ ಇಲ್ಲ. ಹಾಸಿನ ಎಳೆಗಳು ಮೇಲೆ ಕೆಳಗೆ ಬಿಚ್ಚಿಕೊಂಡು ದಾರಿ ಮಾಡಿಕೊಟ್ಟಾಗಲೇ ಲಾಳಿ ಈ ಬದಿಯಿಂದ ಆ ಬದಿಗೆ ಹಾರಬೇಕು. ದಾರಿ ಮುಚ್ಚುವ ಹೊತ್ತಿಗೆ ಲಾಳಿ ನಡುವೆ ಸಿಕ್ಕಿತೆಂದರೆ ನೂರಾರು ಎಳೆ ಹರಿದು, ಆ ದಿನದ ಕೂಲಿಗೂ ಕತ್ತರಿ ಬೀಳುತ್ತಿತ್ತು. ಲಾಳಿಗೂ ಹಾಸಿಗೂ ಇರುವ ಮೇಳವೇ ಮಿಂಚಿಗೂ ಶಟರಿಗೂ ಇರಬೇಕು.

ಈಗ ಶಟರಿನಲ್ಲಿ ಎರಡು ಜಾತಿ. ಒಂದು, ಮಸೂರದ ಒಳಗೇ ಇರುವ ಎಸಳಿನ ಶಟರು. ಹೂವಿನ ದಳಗಳಂತೆ ತೆಳ್ಳನೆಯ ಲೋಹದ ಎಸಳುಗಳು ನಡುವಿನಿಂದ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಹಳೆಯ ರೋಲೈಫ್ಲೆಕ್ಸ್, ಯಾಶಿಕಾಮ್ಯಾಟ್ ಮುಂತಾದ ಎರಡು ಕಣ್ಣಿನ ಕ್ಯಾಮರಾಗಳಲ್ಲಿ ಇರುವುದು ಇದು. ಇದರಲ್ಲಿ ಎಷ್ಟೇ ವೇಗ ಇಟ್ಟರೂ ಒಂದು ಕ್ಷಣ ಬಾಗಿಲು ಪೂರ್ತಿ ತೆರೆದಿರುವುದರಿಂದ ಎಲೆಕ್ಟ್ರಾನಿಕ್ ಫ್ಲಾಶಿಗೆ ಎಲ್ಲ ವೇಗವೂ ಸಲ್ಲುತ್ತದೆ.

ಎರಡನೆಯದು ಫಿಲ್ಮಿನ ಮುಂದೆಯೇ ಇರುವ ಪರದೆಯ ಶಟರು. ಇದಕ್ಕೆ ಎರಡು ಪರದೆ. ಮೊದಲ ಪರದೆ ಸರಿದು ಬಾಗಿಲು ತೆರೆಯುತ್ತದೆ. ಎರಡನೆಯದು ಅದರ ಬೆನ್ನಿಗೆ ಬಂದು ಮುಚ್ಚುತ್ತದೆ. ವೇಗ ಕಡಿಮೆ ಇದ್ದಾಗ ಮೊದಲನೆಯದು ಕೊನೆ ಮುಟ್ಟಿದ ಮೇಲೆ ಎರಡನೆಯದು ಹೊರಡುತ್ತದೆ. ನಡುವೆ ಒಂದು ಕ್ಷಣ ಬಾಗಿಲು ಪೂರಾ ತೆರೆದಿರುತ್ತದೆ. ವೇಗ ಹೆಚ್ಚಿಸಿದರೆ ಮೊದಲನೆಯದು ಅರ್ಧ ದಾರಿ ಕ್ರಮಿಸುವಾಗಲೇ ಎರಡನೆಯದು ಹೊರಟುಬಿಡುತ್ತದೆ. ಆಗ ಫಿಲ್ಮಿನ ಮೇಲೆ ಒಂದು ಸೀಳು ಮಾತ್ರ ಸರಿಯುತ್ತ ಹೋಗುತ್ತದೆ. ಹಗಲು ಬೆಳಕಿಗೆ ಅದರಿಂದ ಬಾಧೆಯಿಲ್ಲ. ಆದರೆ ಆ ಸೀಳಿನ ಹೊತ್ತಿನಲ್ಲಿ ಫ್ಲಾಶ್ ಹೊಡೆದರೆ ಸೀಳಿನಷ್ಟೇ ಅಗಲ ಬೆಳಗಿ ಉಳಿದದ್ದು ಕತ್ತಲಾಗುತ್ತದೆ. ನಮ್ಮ ಬೀಳ್ಕೊಡುಗೆಯ ಚಿತ್ರದಲ್ಲಿ ಆದದ್ದು ಇದೇ. ಆ ಕ್ಯಾಮರಾ ಮೂವತ್ತರಲ್ಲಿ ಒಂದಕ್ಕೆ ಮಾತ್ರ ಒಗ್ಗುವಂಥದು. ನಾವು ಅರವತ್ತರಲ್ಲಿ ಒಂದಕ್ಕೆ ಇಟ್ಟಿದ್ದೆವು.

ಆದುದರಿಂದ ಮೊದಲ ಪಾಠ: ನಿಮ್ಮ ಕ್ಯಾಮರಾದ ಹೊಂದಾಣಿಕೆಯ ವೇಗ ಎಷ್ಟೆಂದು ತಿಳಿದುಕೊಳ್ಳಿ. ರಷ್ಯದ ಹಳೆಯ ಜೆನಿಟ್ ಮಾದರಿಗಳಲ್ಲಿ ಅದು 1/30. 1959ರಲ್ಲಿ ಬಂದ ನಿಕಾನ್ ಎಫ್ ಕ್ಯಾಮರಾದಲ್ಲಿ 1/60. ಮೇಲಿನಿಂದ ಕೆಳಕ್ಕೆ ಓಡುವ ಲೋಹದ ಪರದೆಗಳು ಬಂದ ಮೇಲೆ 1/125. ಇಂದಿನ ಡಿಜಿಟಲ್ ಕ್ಯಾಮರಾಗಳಲ್ಲಿ ಹೆಚ್ಚಾಗಿ 1/200ರಿಂದ 1/250. ಹಳೆಯ ಕ್ಯಾಮರಾದ ಚಕ್ರದಲ್ಲಿ ಆ ಅಂಕಿಯನ್ನು ಬೇರೆ ಬಣ್ಣದಲ್ಲಾಗಲಿ ‘ಎಕ್ಸ್’ ಅಕ್ಷರದಿಂದಾಗಲಿ ಗುರುತಿಸಿರುತ್ತಾರೆ. ಅದಕ್ಕಿಂತ ನಿಧಾನ ಇಟ್ಟರೆ ನಷ್ಟವಿಲ್ಲ. ಅದಕ್ಕಿಂತ ವೇಗ ಇಟ್ಟರೆ ಯಾರೋ ಒಬ್ಬರು ಕತ್ತಲೆಗೆ ಹೋದರೆಂದೇ ತಿಳಿಯಿರಿ.

ಈ ‘ಎಕ್ಸ್’ ಅಕ್ಷರದ ಪಕ್ಕದಲ್ಲೇ ಹಳೆಯ ಕ್ಯಾಮರಾಗಳಲ್ಲಿ ‘ಎಮ್’ ಎಂದೂ ಕೆಲವದರಲ್ಲಿ ‘ಎಫ್.ಪಿ.’ ಎಂದೂ ಇರುತ್ತದೆ. ಇದರ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಇತಿಹಾಸಕ್ಕೆ ಹೋಗಬೇಕು.

ಮುಂಬಯಿಗೆ ಛಾಯಾಚಿತ್ರ ಹೊಸದಲ್ಲ. 1854ರಲ್ಲಿಯೇ ಇಲ್ಲಿ ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಅದರ ಭಾರತೀಯ ಸದಸ್ಯರಲ್ಲಿ ಡಾ. ಭಾವು ದಾಜಿಯವರೂ ಒಬ್ಬರು. ನಮ್ಮ ಮಾಟುಂಗದ ಮೈಸೂರು ಅಸೋಸಿಯೇಶನ್ ಇರುವ ರಸ್ತೆಗೆ ಅವರದೇ ಹೆಸರು. ಆದರೆ ಆ ಕಾಲದ ಚಿತ್ರಗಳೆಲ್ಲ ಬಹುಮಟ್ಟಿಗೆ ಬಿಸಿಲಿನ ಚಿತ್ರಗಳು. ಬಿಸಿಲು ಹೋಗದ ಕಡೆ ಕ್ಯಾಮರಾವೂ ಹೋಗುತ್ತಿರಲಿಲ್ಲ. ಬಡವರ ಮನೆಗಳಿಗೆ ಬಿಸಿಲು ಹೋಗುವುದು ಎಲ್ಲ ಊರಿನಲ್ಲೂ ಕಡಿಮೆ.

1887ರಲ್ಲಿ ಜರ್ಮನಿಯಲ್ಲಿ ಮೀಟೆ ಮತ್ತು ಗೇಡಿಕೆ ಎಂಬವರು ಮೆಗ್ನೀಸಿಯಮ್ ಬೆರೆಸಿದ ಮಿಂಚಿನ ಪುಡಿಯನ್ನು ತಯಾರಿಸಿದರು. ಆ ಸುದ್ದಿ ನ್ಯೂಯಾರ್ಕಿನಲ್ಲಿ ಜೇಕಬ್ ರೀಸ್ ಎಂಬ ಪತ್ರಿಕಾ ವರದಿಗಾರನ ಕಣ್ಣಿಗೆ ಬಿತ್ತು. ಅವನೂ ಡೆನ್ಮಾರ್ಕಿನಿಂದ ಹೊಟ್ಟೆಪಾಡಿಗೆ ಬಂದವನೇ. ಕೂಲಿಗಳು ತಂಗುವ ಕಗ್ಗತ್ತಲೆಯ ಕೋಣೆಗಳಿಗೆ ಈ ಪುಡಿಯನ್ನು ಹಿಡಿದು ಅವನು ರಾತ್ರಿಯ ವೇಳೆ ಹೊಕ್ಕ. ಒಂದು ಜಾಗಕ್ಕೆ ಐದು ಸೆಂಟು ತೆತ್ತು ಒಬ್ಬರ ಮೇಲೊಬ್ಬರಂತೆ ಮಲಗಿದ್ದ ದುಡಿಮೆಗಾರರ ಚಿತ್ರ ತೆಗೆದ. 1890ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದಾಗ ಊರಿನ ಇನ್ನೊಂದು ಅರ್ಧದವರು ಹೇಗೆ ಬಾಳುತ್ತಾರೆಂಬುದು ಶ್ರೀಮಂತರಿಗೆ ಗೊತ್ತಾಯಿತು. ರಾತ್ರಿ ಮೇಜುಗಳನ್ನು ಬದಿಗೆ ಸರಿಸಿ ಹೋಟೆಲಿನ ನೆಲದ ಮೇಲೇ ಚಾಪೆ ಹಾಸಿ ಮಲಗಿದವರಿಗೆ, ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ನಿದ್ದೆ ಮಾಡಿದವರಿಗೆ, ಆ ಚಿತ್ರಗಳು ಪರದೇಶದವು ಎಂದು ಅನ್ನಿಸಲಾರದು.

ಆದರೆ ಅದರಲ್ಲಿ ಇನ್ನೊಂದು ಮಾತೂ ಉಂಟು. ರೀಸ್ ಅನೇಕ ಸಲ ಕೇಳದೆ ನುಗ್ಗಿ, ನಿದ್ದೆಯಲ್ಲಿದ್ದವರ ಮುಖಕ್ಕೆ ಆ ಬೆಂಕಿಯ ಮಿಂಚು ಹೊಡೆಸಿದ. ಕಷ್ಟ ತೋರಿಸುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೂ ನಾವು ಕ್ಯಾಮರಾ ಹಿಡಿದಾಗ ಮೊದಲು ಕೇಳಿ ಆಮೇಲೆ ಮಿಂಚು ಹೊಡೆಯಬೇಕು. ಮೋರಿಯ ಬಳಿ ತಾಟು ತೊಳೆಯುತ್ತಿರುವ ಹುಡುಗನಿಗೂ ತಾನು ಹೇಗೆ ಕಾಣಬೇಕೆಂಬ ಅಭಿಮಾನವಿದೆ. ಅವನು ಅಂಗಿ ಬದಲಿಸಿ ಬರುತ್ತೇನೆಂದರೆ ಕಾಯಬೇಕು.

ಆ ಕಾಲದಲ್ಲಿ ಹೊಂದಾಣಿಕೆಯ ಉಪಾಯ ಬಹಳ ಸುಲಭ. ಕತ್ತಲಲ್ಲಿ ಶಟರು ತೆರೆದಿಡುವುದು, ಪುಡಿಗೆ ಬೆಂಕಿ ಕೊಡುವುದು, ಶಟರು ಮುಚ್ಚುವುದು. ಈ ಕ್ರಮ ಇಂದಿಗೂ ಸತ್ತಿಲ್ಲ. ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು, ಚಕ್ರವನ್ನು ‘ಬಿ’ ಅಕ್ಷರಕ್ಕೆ ತಂದು, ಕೈಯಲ್ಲಿ ಫ್ಲಾಶ್ ಹಿಡಿದು ಬೇಕಾದ ಕಡೆ ಒಂದೊಂದು ಸಲ ಹೊಡೆದು ಒಂದು ದೊಡ್ಡ ಕತ್ತಲ ಕೋಣೆಯನ್ನು ಪೂರಾ ಬೆಳಗಿಸಬಹುದು. ತಂತಿಯೂ ಬೇಡ, ಹೊಂದಾಣಿಕೆಯೂ ಬೇಡ.

1929ರ ಸುಮಾರಿಗೆ ಜರ್ಮನಿಯಲ್ಲಿ ಪುಡಿಯ ಬದಲು ಗಾಜಿನ ಬಲ್ಬು ಮಾರಾಟಕ್ಕೆ ಬಂತು. ಒಳಗೆ ತೆಳುವಾದ ಲೋಹದ ಹಾಳೆ, ಆಮ್ಲಜನಕ. ಹೊಗೆಯಿಲ್ಲ, ಮನೆ ಸುಡುವ ಭಯವಿಲ್ಲ. ಒಮ್ಮೆ ಉರಿದರೆ ಬಿಸಾಡಬೇಕು ಅಷ್ಟೆ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ, ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತ ಹೋಮಾಯ್ ವ್ಯಾರಾವಾಲಾ (1913–2012) ಭಾರವಾದ ಸ್ಪೀಡ್ ಗ್ರಾಫಿಕ್ ಕ್ಯಾಮರಾಕ್ಕೆ ಇಂಥ ಬಲ್ಬು ಸಿಕ್ಕಿಸಿಯೇ ಸೀರೆಯುಟ್ಟು ರಾಜಧಾನಿಯ ಸಭೆಗಳಲ್ಲಿ ಓಡಾಡಿದರು.

ಈ ಬಲ್ಬಿಗೆ ಒಂದು ಗುಣ. ಒತ್ತಿದ ತಕ್ಷಣ ಪೂರಾ ಉರಿಯುವುದಿಲ್ಲ. ಒಲೆಗೆ ಬೆಂಕಿ ಕೊಟ್ಟ ಕೂಡಲೇ ಕಾವಲಿ ಕಾಯುವುದಿಲ್ಲವಲ್ಲ, ಹಾಗೆ. ‘ಎಮ್’ ಜಾತಿಯ ಬಲ್ಬು ಪೂರ್ಣ ಪ್ರಕಾಶಕ್ಕೆ ಬರಲು ಸೆಕೆಂಡಿನ ಸುಮಾರು ಐವತ್ತರಲ್ಲಿ ಒಂದು ಪಾಲು ಹಿಡಿಯುತ್ತದೆ. ಆದುದರಿಂದ ಗುಂಡಿಯನ್ನು ‘ಎಮ್’ಗೆ ಇಟ್ಟರೆ ಕ್ಯಾಮರಾ ಮೊದಲು ಬಲ್ಬಿಗೆ ಬೆಂಕಿ ಕೊಟ್ಟು, ಸ್ವಲ್ಪ ತಡೆದು, ಆಮೇಲೆ ಶಟರು ತೆರೆಯುತ್ತದೆ. ‘ಎಕ್ಸ್’ಗೆ ಇಟ್ಟರೆ ಶಟರು ಪೂರಾ ತೆರೆದ ಕ್ಷಣದಲ್ಲೇ ಮಿಂಚು ಹೊಡೆಯುತ್ತದೆ, ಇದು ಎಲೆಕ್ಟ್ರಾನಿಕ್ ಫ್ಲಾಶಿಗೆ. ‘ಎಫ್.ಪಿ.’ ಎಂಬುದು ಪರದೆಯ ಶಟರಿಗಾಗಿ ಮಾಡಿದ, ಹೆಚ್ಚು ಹೊತ್ತು ಸಮನಾಗಿ ಉರಿಯುವ ಬಲ್ಬಿಗೆ.

ಎಸಳಿನ ಶಟರಿನ ಹಳೆಯ ಕ್ಯಾಮರಾದಲ್ಲಿ ಗುಂಡಿ ‘ಎಮ್’ ಮೇಲೆ ಮರೆತುಹೋಗಿ ಎಲೆಕ್ಟ್ರಾನಿಕ್ ಫ್ಲಾಶ್ ಹೊಡೆದರೆ ಏನಾಗುತ್ತದೆ? ಎಲ್ಲರ ಕಣ್ಣಿಗೂ ಮಿಂಚು ಕಾಣುತ್ತದೆ, ಎಲ್ಲರೂ ಸಂತೋಷದಿಂದ ಚದರುತ್ತಾರೆ, ಫಿಲ್ಮು ಮಾತ್ರ ಖಾಲಿ! ಬಾಗಿಲು ತೆರೆಯುವ ಮೊದಲೇ ಮಿಂಚು ಬಂದು ಹೋಗಿರುತ್ತದೆ. ಇನ್ನೊಂದು ಎಚ್ಚರಿಕೆ: ಇಂದಿನ ಕ್ಯಾಮರಾ ಮತ್ತು ಫ್ಲಾಶಿನ ಮೇಲೆ ಕಾಣುವ ‘ಎಮ್’ ಬೇರೆ, ಅದರ ಅರ್ಥ ಎಲ್ಲವನ್ನೂ ನಾವೇ ಕೈಯಿಂದ ಗೊತ್ತುಮಾಡುವುದು ಎಂದು. ಅಕ್ಷರ ಒಂದೇ, ಕೆಲಸ ಬೇರೆ.

ಎಲೆಕ್ಟ್ರಾನಿಕ್ ಫ್ಲಾಶಿನ ಮೂಲದಲ್ಲಿ ಯಂತ್ರದ ಕಾರ್ಖಾನೆಯ ವಾಸನೆ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಂಬ ವಿದ್ಯುತ್ ಎಂಜಿನಿಯರು ತಿರುಗುವ ಮೋಟಾರನ್ನು ನಿಂತಂತೆ ನೋಡಬೇಕೆಂದು 1931ರ ಸುಮಾರಿಗೆ ಮಿಂಚು ಮಿಂಚಾಗಿ ಹೊಡೆಯುವ ದೀಪವನ್ನು ರೂಪಿಸಿದ. ಮೋಟಾರಿನ ಸುತ್ತಿಗೂ ಮಿಂಚಿಗೂ ಮೇಳ ಕೂಡಿದರೆ ಓಡುವ ಯಂತ್ರ ನಿಂತಂತೆ ಕಾಣುತ್ತದೆ. ನೂಲುವ ಗಿರಣಿಗಳಲ್ಲಿ ಕದಿರಿನ ವೇಗ ಅಳೆಯಲು ಇಂಥದೇ ದೀಪವನ್ನು ಬಳಸಿದರು. ಚೋಕಿನ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಡಿಯುತ್ತಿದ್ದುದರಿಂದ ತಿರುಗುವ ಚಕ್ರ ನಿಂತಿದೆಯೆಂಬ ಭ್ರಮೆಯಾಗಿ ಕೈ ಹಾಕುವ ಅಪಾಯವೂ ಇತ್ತು. ಮೇಳದಿಂದ ಉಪಕಾರವೂ ಉಂಟು, ಮೋಸವೂ ಉಂಟು.

ಇನ್ನು ಇಂದಿನ ಕ್ಯಾಮರಾದ ಕ್ರಮಗಳು. ಮೊದಲನೆಯದು ಮುಂಪರದೆಯ ಕ್ರಮ: ಬಾಗಿಲು ತೆರೆದ ಕೂಡಲೇ ಮಿಂಚು. ಎರಡನೆಯದು ಹಿಂಪರದೆಯ ಕ್ರಮ: ಬಾಗಿಲು ಮುಚ್ಚುವ ಮೊದಲು ಮಿಂಚು. ಇದರ ಭೇದ ಯಕ್ಷಗಾನದಲ್ಲಿ ಚೆನ್ನಾಗಿ ಕಾಣುತ್ತದೆ. ಊರಿನ ಮೇಳ ಬಂದು ಆಟ ನಡೆಯುವಾಗ ಬಣ್ಣದ ವೇಷ ರಂಗಸ್ಥಳದ ತುಂಬ ಸುತ್ತುವುದನ್ನು 1/15 ವೇಗದಲ್ಲಿ ತೆಗೆಯಿರಿ. ಮುಂಪರದೆಯಲ್ಲಿ ತೆಗೆದರೆ ವೇಷ ಮೊದಲು ಅಚ್ಚಾಗಿ, ಚಲನೆಯ ನೆರಳು ಅವನ ಮುಂದಕ್ಕೆ ಚಾಚಿ, ಹಿಂದೆ ಹಿಂದೆ ನಡೆದಂತೆ ಕಾಣುತ್ತದೆ. ಹಿಂಪರದೆಯಲ್ಲಿ ನೆರಳು ಬೆನ್ನ ಹಿಂದೆ ಉಳಿದು, ವೇಷ ಮುನ್ನುಗ್ಗಿ ಬಂದಂತೆ ಕಾಣುತ್ತದೆ. ಆದರೆ ಕಲಾವಿದರ ಒಪ್ಪಿಗೆ ಇಲ್ಲದೆ ಫ್ಲಾಶ್ ಹೊಡೆಯಬೇಡಿ. ಕುಣಿಯುವವರ ಕಣ್ಣು ಕತ್ತಲಿಟ್ಟರೆ ಕಾಲು ತಪ್ಪುತ್ತದೆ.

ಮೂರನೆಯದು ಅತಿವೇಗದ ಹೊಂದಾಣಿಕೆ. 1980ರ ದಶಕದ ಉತ್ತರಾರ್ಧದಲ್ಲಿ ಒಲಿಂಪಸ್ ಕಂಪನಿಯವರು ಇದನ್ನು ತಂದರು. ಸೀಳು ಸರಿಯುವಷ್ಟು ಹೊತ್ತೂ ಫ್ಲಾಶ್ ಬಿಡದೆ ಬೇಗ ಬೇಗ ಮಿಡಿಯುತ್ತದೆ. ಕಪ್ಪು ಪಟ್ಟಿ ಬೀಳುವುದಿಲ್ಲ, ಆದರೆ ಬೆಳಕಿನ ಬಲ ಬಹಳ ಇಳಿಯುತ್ತದೆ. ನಡುಹಗಲ ಬಿಸಿಲಿನಲ್ಲಿ ಮುಖದ ನೆರಳು ತುಂಬಲು ಇದು ಸರಿ. ರಾತ್ರಿಯ ಸಭೆಗೆ ಬೇಡ.

ನಾಲ್ಕನೆಯದೇ ನಮಗೆ ಮುಖ್ಯ: ನಿಧಾನದ ಹೊಂದಾಣಿಕೆ. ಇದನ್ನು ಹೇಳಲು ಹಿಂದಿನ ಸಾಲಿನ ಮಾತಿಗೆ ಬರಬೇಕು.

ನಮ್ಮ ವಾರ್ಷಿಕೋತ್ಸವದ ಹಳೆಯ ಚಿತ್ರಗಳನ್ನು ನೋಡಿ. ಮುಂದೆ ಕುರ್ಚಿಯಲ್ಲಿ ಅಧ್ಯಕ್ಷರು, ಅತಿಥಿಗಳು, ದಾನಿಗಳು, ಮುಖಗಳು ಬೆಳ್ಳಗೆ. ಹಿಂದೆ ನಿಂತವರು ಸಪ್ಲಾಯರುಗಳು, ಅಡುಗೆಯವರು, ಟೇಬಲು ಒರೆಸುವ ಹುಡುಗರು. ಹಲ್ಲು ಮಾತ್ರ ಕಾಣುತ್ತದೆ. ಇದು ಯಾರ ಪಕ್ಷಪಾತವೂ ಅಲ್ಲ, ಬೆಳಕಿನ ಲೆಕ್ಕ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗವಾಗುತ್ತದೆ. ಮುಂದಿನ ಸಾಲು ಫ್ಲಾಶಿನಿಂದ 3 ಮೀಟರು, ಹಿಂದಿನದು 6 ಮೀಟರು ಇದ್ದರೆ ಅಧ್ಯಕ್ಷರಿಗೆ ಒಂದು ರೂಪಾಯಿ ಬೆಳಕು, ಹಿಂದಿನ ಹುಡುಗನಿಗೆ ನಾಲ್ಕಾಣೆ. ಆದರೆ ಈ ಲೆಕ್ಕವನ್ನು ತಿದ್ದಲು ಬರುತ್ತದೆ.

ಒಂದು, ನಾವೇ ಮೂರು ಮೀಟರು ಹಿಂದೆ ಸರಿಯುವುದು. ಆಗ ಮುಂದಿನ ಸಾಲು 6, ಹಿಂದಿನದು 9 ಮೀಟರು. ನಾಲ್ಕಾಣೆ ಹೋಗಿ ಏಳಾಣೆಯಾಯಿತು. ಎರಡು, ಫ್ಲಾಶನ್ನು ಕ್ಯಾಮರಾದಿಂದ ಬಿಡಿಸಿ ಎತ್ತರಕ್ಕೆ ಹಿಡಿದು ಹಿಂದಿನ ಸಾಲಿನ ಕಡೆಗೇ ಮುಖ ಮಾಡುವುದು. ಮೂರು, ಚಾವಣಿ ಬಿಳಿಯದಾಗಿ ತಗ್ಗಾಗಿದ್ದರೆ ಫ್ಲಾಶನ್ನು ಅದಕ್ಕೆ ಹೊಡೆಸಿ ಬೆಳಕನ್ನು ಎಲ್ಲರ ಮೇಲೆ ಇಳಿಸುವುದು. ಚಾಳಿನ ಹಸಿರು ನೀಲಿ ಗೋಡೆಗಳಿಗೆ ಹೊಡೆಸಿದರೆ ಮಾತ್ರ ಮುಖಕ್ಕೆ ಅದೇ ಬಣ್ಣ ಬಳಿದೀತು. ನಾಲ್ಕು, ನಿಧಾನದ ಹೊಂದಾಣಿಕೆ: ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು 1/15 ಅಥವಾ 1/8 ವೇಗ ಕೊಡುವುದು. ಫ್ಲಾಶ್ ಮುಂದಿನವರನ್ನು ಬೆಳಗುತ್ತದೆ. ಮಿಂಚು ಹೋದ ಮೇಲೂ ತೆರೆದಿರುವ ಬಾಗಿಲಿನಿಂದ ಸಭಾಗೃಹದ ದೀಪಗಳ ಬೆಳಕು ಬಂದು ಹಿಂದಿನವರನ್ನು ಕಾಣಿಸುತ್ತದೆ. ಮಿಂಚು ಕಂಡ ಕೂಡಲೇ ಚದರಬೇಡಿ, “ಮುಗಿಯಿತು” ಎಂದು ಹೇಳುವವರೆಗೆ ಅಲುಗಾಡದೆ ನಿಲ್ಲಿ ಎಂದು ಮೊದಲೇ ತಿಳಿಸಬೇಕು.

ಫ್ಲಾಶಿನ ರಂಧ್ರದ ಲೆಕ್ಕವೂ ಸುಲಭ. ಪ್ರತಿ ಫ್ಲಾಶಿಗೆ ಒಂದು ಮಾರ್ಗದರ್ಶಿ ಅಂಕಿ ಕೊಟ್ಟಿರುತ್ತಾರೆ. ಅದನ್ನು ದೂರದಿಂದ ಭಾಗಿಸಿದರೆ ರಂಧ್ರದ ಅಂಕಿ ಬರುತ್ತದೆ. ಅಂಕಿ 32 ಆಗಿ ದೂರ 4 ಮೀಟರಾದರೆ ಎಫ್ 8. ಇದು 100ರ ವೇಗದ ಫಿಲ್ಮಿಗೆ. 400ಕ್ಕೆ ಅಂಕಿ ಇಮ್ಮಡಿ.

ಅಪಾಯದ ಎರಡು ಮಾತು. ಫ್ಲಾಶಿನ ಒಳಗೆ ಸುಮಾರು ಮುನ್ನೂರು ವೋಲ್ಟಿನ ಶೇಖರಣೆ ಇರುತ್ತದೆ. ಸೆಲ್ ತೆಗೆದ ಮೇಲೂ ಅದು ಹೊಡೆಯಬಲ್ಲದು. ಯಾರೂ ಬಿಚ್ಚಬೇಡಿ. ಚೋರ್ ಬಜಾರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಫ್ಲಾಶನ್ನು ಹೊಸ ಡಿಜಿಟಲ್ ಕ್ಯಾಮರಾದ ತಲೆಗೆ ನೇರ ಸಿಕ್ಕಿಸಬೇಡಿ. ಕೆಲವು ಹಳೆಯವು ಇನ್ನೂರು ವೋಲ್ಟಿಗೂ ಮೀರಿ ಕ್ಯಾಮರಾದ ಸಂಪರ್ಕಕ್ಕೆ ಕೊಟ್ಟು ಅದನ್ನು ಸುಟ್ಟುಬಿಡುತ್ತವೆ. ತಿಳಿದವರಿಂದ ಅಳೆಸಿ, ಇಲ್ಲವೇ ತಂತಿಯಿಲ್ಲದ ಚಾಲಕವನ್ನು ನಡುವೆ ಇಡಿ.

ಮೊಬೈಲಿನಲ್ಲೇ ಎಲ್ಲ ಆಗುವಾಗ ಇದೆಲ್ಲ ಏಕೆ ಎಂದು ಯುವಕರು ಕೇಳುತ್ತಾರೆ. ಮೊಬೈಲಿನ ದೀಪ ಮಿಂಚಲ್ಲ, ಸಣ್ಣ ಬತ್ತಿ. ಎರಡು ಮೂರು ಮೀಟರು ದಾಟಿದರೆ ಅದರ ಆಟ ಮುಗಿಯಿತು. ಸಭೆಯ ಚಿತ್ರಕ್ಕೆ ಅದನ್ನು ಆರಿಸಿ, ಸಭಾಗೃಹದ ದೀಪಗಳನ್ನೆಲ್ಲ ಹಾಕಿಸಿ, ಮೊಬೈಲನ್ನು ಕಂಬಕ್ಕೆ ಒರಗಿಸಿ ತೆಗೆದರೆ ಹೆಚ್ಚು ಚೆನ್ನ. ಬೆಳಕಿನ ಲೆಕ್ಕ ಮಾತ್ರ ಯಾವ ಯಂತ್ರಕ್ಕೂ ಬದಲಾಗುವುದಿಲ್ಲ.

ಕೊನೆಯದಾಗಿ ಸಂಘದ ಮುಂದೆ ನಮ್ಮ ಮೂರು ಸೂಚನೆ. ಮುಂದಿನ ವಾರ್ಷಿಕೋತ್ಸವದ ಗುಂಪಿನ ಚಿತ್ರವನ್ನು ಒಮ್ಮೆಯಲ್ಲ, ಮೂರು ಸಲ ತೆಗೆಯಬೇಕು. ಯಾರೂ ಚದರುವ ಮೊದಲೇ ಕ್ಯಾಮರಾದ ಹಿಂದಿನ ಪರದೆಯಲ್ಲಿ ನಾಲ್ಕು ಮೂಲೆಯನ್ನೂ ದೊಡ್ಡದು ಮಾಡಿ ನೋಡಬೇಕು. ಎರಡನೆಯದು, ಮೂರರಲ್ಲಿ ಒಂದು ಚಿತ್ರಕ್ಕೆ ಹಿಂದಿನ ಸಾಲು ಮುಂದೆ ಬಂದು ಕೂರಬೇಕು. ಮೂರನೆಯದು, ಚಿತ್ರದ ಬೆನ್ನ ಮೇಲೆ ಪ್ರತಿಯೊಬ್ಬರ ಹೆಸರು, ಊರು, ಕೆಲಸ ಬರೆಯಬೇಕು.

ಆ ಮಗನಿಗೆ ನಾವು ಕೊಟ್ಟು ಕಳಿಸಿದ್ದು ಅರ್ಧ ಕಪ್ಪಾದ ಅದೇ ಚಿತ್ರ. ಅವನು ಬೇಡವೆನ್ನಲಿಲ್ಲ; ಅಪ್ಪನ ಪಕ್ಕದಲ್ಲಿ ನಿಂತವರು ಯಾರೆಂದು ಕೇಳಿ, ಹೆಸರುಗಳನ್ನು ಬರೆದುಕೊಂಡು ಹೋದ. ಹೆಸರು ಬರೆಯಬೇಕೆಂಬ ಬುದ್ಧಿ ನಮಗೆ ಬಂದದ್ದು ಅವನಿಂದ. ಇನ್ನು ಮುಂದೆ ಯಾವ ಮಗನೂ ಅಪ್ಪನನ್ನು ಕಪ್ಪಿನಲ್ಲಿ ಹುಡುಕುವಂತಾಗಬಾರದು.

ಸಂಜೆಯ ಪಾಳಿಗೆ ಹೊತ್ತಾಯಿತು.